ಹುಲ್ಲಿನ ಮುನಿರತ್ನಮ್ಮ

ಬಸವನಗುಡಿಯ ಹೊಸ ಬಡಾವಣೆಯಲ್ಲಿ ಮನೆಗಳಿಗಿಂತ ಖಾಲಿ ನಿವೇಶನಗಳೇ ಹೆಚ್ಚಾಗಿದ್ದ ದಿನಗಳವು. ಬಿಸಿಲೇರುವ ಮುಂಚೆ ದಕ್ಷಿಣದ ಕಡೆಯಿಂದ ಹುಲ್ಲಿನ ಹೊರೆಗಳ ಸಾಲೊಂದು ನಡೆದು ಬರುತ್ತಿತ್ತು. ಹೊತ್ತವರ ಮುಖ ಕಾಣುತ್ತಿರಲಿಲ್ಲ. ಹೊರೆಯ ಕೆಳಗೆ ಎತ್ತಿ ಕಟ್ಟಿದ ಸೀರೆ, ಧೂಳು ಮೆತ್ತಿದ ಪಾದ, ಅಷ್ಟೇ. ಸಾಲಿನ ಕೊನೆಯಲ್ಲಿ ಬರುತ್ತಿದ್ದ ಸಣ್ಣ ಆಳಿನ ಹೆಂಗಸೇ ಮುನಿರತ್ನಮ್ಮ. ಉಳಿದವರು ಕಲಾಸಿಪಾಳ್ಯದ ಜಟಕಾ ಕುದುರೆಗಳಿಗೆ ಹುಲ್ಲು ಮಾರಲು ಮುಂದೆ ಹೋದರೆ, ಅವಳು ನಡುದಾರಿಯಲ್ಲೇ ತಿರುಗಿ ವರದರಾಜಯ್ಯಂಗಾರ್ಯರ ಹಿತ್ತಲ ಬಾಗಿಲಲ್ಲಿ ಹೊರೆ ಇಳಿಸುತ್ತಿದ್ದಳು.

ಅವಳು ಹುಟ್ಟಿನಿಂದ ಹುಲ್ಲು ಕೊಯ್ಯುವವಳಲ್ಲ. ತಿಗಳರ ಮನೆಯ ಹೆಣ್ಣು. ಗಂಡ ಧರ್ಮರಾಜು ತೋಟದ ತರಕಾರಿಯನ್ನು ಮಾಮೂಲ್‌ಪೇಟೆಗೆ ಹೊತ್ತು ತಂದು ಮಾರುತ್ತಿದ್ದ. ಸಾವಿರದ ಎಂಟುನೂರ ತೊಂಬತ್ತೆಂಟರ ಪ್ಲೇಗು ಪೇಟೆಯ ಗಲ್ಲಿಗಳಿಗೆ ನುಗ್ಗಿದಾಗ ಅವನ ಕಂಕುಳಲ್ಲಿ ಗಡ್ಡೆ ಎದ್ದಿತು. ಅವನನ್ನು ಗಾಡಿಯಲ್ಲಿ ಒಯ್ದರು, ಅವಳನ್ನು ಊರಾಚೆಯ ತಟ್ಟಿ ಗುಡಿಸಲುಗಳ ಕ್ಯಾಂಪಿಗೆ ಕಳಿಸಿದರು. ಅವಳು ವಾಪಸು ಬಂದಾಗ ಗಂಡ ಇರಲಿಲ್ಲ. ರೋಗದ ಗಾಳಿ ಹೋಗಲೆಂದು ಮನೆಯ ಹೆಂಚುಗಳನ್ನೆಲ್ಲ ಇಳಿಸಿಬಿಟ್ಟಿದ್ದರು. ಒಲೆಯ ಮೇಲೆ ಬಿಸಿಲು ಬಿದ್ದಿತ್ತು. ಅವಳಿಗೆ ಆಗ ಇಪ್ಪತ್ತೂ ತುಂಬಿರಲಿಲ್ಲ.

ಪಕ್ಕದ ಗಲ್ಲಿಯ ಮುತ್ಯಾಲಮ್ಮ ಅವಳಿಗಿಂತ ದೊಡ್ಡವಳು, ಗಟ್ಟಿ ಮಾತಿನವಳು. ಒಂದು ಬೆಳಿಗ್ಗೆ ಬಂದು ಕೈಗೆ ಕುಡುಗೋಲು ಕೊಟ್ಟು, “ಅಳೋದಿದ್ರೆ ನಡ್ಕೊಂಡೇ ಅಳು, ಬಾ,” ಎಂದು ಎಬ್ಬಿಸಿಕೊಂಡು ಹೋದಳು.

ಅವರು ಹೋದದ್ದು ಕಾರೆಬೋರೆಗೆ. ಬಸವಣ್ಣನ ಗುಡ್ಡ ದಾಟಿ, ರಾಗಿ ಹೊಲಗಳನ್ನು ದಾಟಿ ದಿಬ್ಬದ ಮೇಲೆ ಹಬ್ಬಿದ್ದ ಕುರುಚಲು ಕಾಡು ಅದು. ಎತ್ತರದ ಮರವೆಂದರೆ ಅಲ್ಲೊಂದು ಜಾಲಾರಿ, ಇಲ್ಲೊಂದು ಮುತ್ತುಗ; ಉಳಿದದ್ದೆಲ್ಲ ಕಾರೆ, ಎಲಚಿ, ತಂಗಡಿ, ಬಂದರೆಯ ಪೊದೆ. ದೂರದಿಂದ ನೋಡಿದವರಿಗೆ ಅದು ಮುಳ್ಳಿನ ರಾಶಿ. ಒಳಗೆ ಹೊಕ್ಕವರಿಗೆ ಪೊದೆ ಪೊದೆಯ ನಡುವೆ ಹುಲ್ಲು. ಬೇಸಗೆಯಲ್ಲಿ ಬಯಲಿನ ಹುಲ್ಲೆಲ್ಲ ಒಣಗಿ ಪುಡಿಯಾದಾಗಲೂ ಪೊದೆಯ ನೆರಳಿನಲ್ಲಿ ಒಂದು ಹಿಡಿ ಹಸುರು ಉಳಿದಿರುತ್ತಿತ್ತು. ಹಳ್ಳಿಯವರ ಕುರಿ ಅಲ್ಲೇ ಮೇಯುತ್ತಿದ್ದವು, ಊಟದೆಲೆಗೆ ಮುತ್ತುಗದೆಲೆ ಅಲ್ಲಿಂದಲೇ ಬರುತ್ತಿತ್ತು, ಸೌದೆಗೆ ಒಣ ಕಡ್ಡಿಯೂ ಅಲ್ಲಿಯದೇ. ಮುನಿರತ್ನಮ್ಮ ಮೊದಲ ದಿನ ಕೈ ಕೊಯ್ದುಕೊಂಡಳು. ಮಧ್ಯಾಹ್ನ ಮುತ್ಯಾಲಮ್ಮ ಅವಳ ಮಡಿಲಿಗೆ ಕಾರೆಹಣ್ಣು ಸುರಿದಾಗ, ಪ್ಲೇಗು ಬಂದಮೇಲೆ ಮೊದಲ ಸಲ ನಾಲಿಗೆಗೆ ರುಚಿ ಹತ್ತಿತು.

ವರದರಾಜಯ್ಯಂಗಾರ್ಯರ ಮನೆಗೆ ಅವಳು ಹುಲ್ಲು ಹಾಕಲು ತೊಡಗಿದ್ದು ಅದರ ಮುಂದಿನ ವರ್ಷ. ವರದರಾಜ ಸರ್ಕಾರದ ಕಛೇರಿಯಲ್ಲಿದ್ದ ಯುವಕ. ಪ್ಲೇಗಿಗೆ ಹೆದರಿ ಪೇಟೆ ಬಿಟ್ಟು ಹೊಸ ಬಡಾವಣೆಯಲ್ಲಿ ಮನೆ ಕಟ್ಟಿದವನು. ಹೆಂಡತಿ ಗೋದಾ, ತಾಯಿ ರಂಗನಾಯಕಿ, ಎರಡು ಹಸು. ರಂಗನಾಯಕಮ್ಮ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿ, ಕೆಂಪು ಸೀರೆ ಉಟ್ಟು ಮೂವತ್ತು ವರ್ಷ ಮನೆಯ ಹೊಸಿಲೊಳಗೇ ಕಳೆದವರು. ಹುಲ್ಲು ತಂದ ಹುಡುಗಿಯ ಹಣೆ ಬರಿದಾಗಿದ್ದುದನ್ನು ನೋಡಿ ಕೊಟ್ಟಿಗೆಗೆ ಇಳಿದು ಬಂದರು. ಆಮೇಲೆ ಕೊಟ್ಟಿಗೆಯ ಕಟ್ಟೆಯ ಮೇಲೆ ತಾವೂ ಕೂತು ಕೇಳಿದರು.

“ಎಲ್ಲಿಂದ ತರ್ತೀಯೇ ಇಷ್ಟು ಹಸಿ ಹುಲ್ಲು?”

“ಬೋರೆಯಿಂದ ಅಮ್ಮಾವ್ರೇ.”

“ಅಲ್ಲಿ ಇನ್ನೇನಿದೆ?”

ಮುನಿರತ್ನಮ್ಮ ಹೇಳಿದಳು. ಪೊದೆಯಿಂದ ಎದ್ದ ಮೊಲ, ಹೆಣ್ಣು ನವಿಲು ಮರಿಗಳನ್ನು ಕರೆದುಕೊಂಡು ದಾಟಿದ್ದು, ಬಂಡೆಯ ಮೇಲೆ ಬಿಸಿಲು ಕಾಯುತ್ತಿದ್ದ ಉಡ. ಮುದುಕಿ ಬಾಯಿ ಬಿಟ್ಟುಕೊಂಡು ಕೇಳಿದರು. ಅಲ್ಲಿಂದ ಮುಂದೆ ಹುಲ್ಲಿನ ಜೊತೆ ಬೋರೆಯ ಸುದ್ದಿಯನ್ನೂ ಇಳಿಸುವುದು ದಿನದ ಕೆಲಸವಾಯಿತು. ಒಂದು ಮಳೆಗಾಲ ಅವಳು ನೆನೆದು ನಡುಗುತ್ತ ಬಂದಾಗ ರಂಗನಾಯಕಮ್ಮ ಮಗನನ್ನು ಕರೆದು, ಕೊಟ್ಟಿಗೆಯ ಪಕ್ಕದ ಕೋಣೆಯನ್ನು ಅವಳಿಗೆ ಕೊಡಿಸಿದರು. ತಲೆಯ ಮೇಲೆ ಹೆಂಚಿರುವ ಕೋಣೆ. ಬಾಗಿಲಿಗೆ ಅಗಳಿ ಇತ್ತು. ಮುನಿರತ್ನಮ್ಮ ಆ ರಾತ್ರಿ ಮೂರು ಸಲ ಎದ್ದು ಅಗಳಿ ತೆಗೆದು ಹಾಕಿ ನೋಡಿದಳು, ನಿಜವೇ ಎಂದು.

ಏಳೆಂಟು ವರ್ಷ ಹಾಗೆ ನಡೆಯಿತು.

ಊರು ಬೆಳೆಯುತ್ತಿತ್ತು. ಮಲ್ಲೇಶ್ವರ, ಚಾಮರಾಜಪೇಟೆ, ಬಸವನಗುಡಿ ಎಲ್ಲ ಕಡೆ ಬಚ್ಚಲೊಲೆಗಳು ಉರಿಯಬೇಕು, ಗಿರಣಿಗಳು ಉರಿಯಬೇಕು, ಇಟ್ಟಿಗೆ ಗೂಡುಗಳು ಉರಿಯಬೇಕು. ಸೌದೆ ಡಿಪೋಗಳ ಮುಂದೆ ಗಾಡಿಗಳು ಸಾಲುಗಟ್ಟಿದವು. ಸರ್ವೆ ಮರ ನೆಟ್ಟರೆ ಹತ್ತು ವರ್ಷದಲ್ಲಿ ಕಡಿಯಬಹುದು ಎಂಬ ಮಾತು ಕಛೇರಿಯಿಂದ ಜಗಲಿಗೆ ಬಂತು. ವರದರಾಜ ಕಾರೆಬೋರೆಯನ್ನು ಸರ್ಕಾರದಿಂದ ಗುತ್ತಿಗೆಗೆ ಪಡೆದ. ಸಂತೋಷದ ಸುದ್ದಿಯೆಂದೇ ಅವನು ಅದನ್ನು ತಾಯಿಗೆ ಹೇಳಿದ್ದು.

“ಖಾಲಿ ಬಿದ್ದಿರೋ ನೆಲ ಅಮ್ಮಾ. ಬರೀ ಮುಳ್ಳು. ಅದನ್ನ ಒಳ್ಳೇ ತೋಪು ಮಾಡ್ತೀನಿ.”

ಹಿತ್ತಲಲ್ಲಿ ಹಸುವಿಗೆ ನೀರಿಡುತ್ತಿದ್ದ ಮುನಿರತ್ನಮ್ಮನಿಗೆ ಕೇಳಿಸಿತು. ಯಾವ ನೆಲ ಖಾಲಿ ಬಿದ್ದಿದೆಯೋ ಅವಳಿಗೆ ತಟ್ಟನೆ ಹೊಳೆಯಲಿಲ್ಲ. ಹೊಳೆದಾಗ ವರದರಾಜ ಅವಳ ಮುಂದೆಯೇ ನಿಂತಿದ್ದ.

“ಮುನಿರತ್ನ, ಸಸಿಗಳಿಗೆ ಎರಡು ವರ್ಷ ಬಿಂದಿಗೆಯಲ್ಲಿ ನೀರು ಹೊತ್ತು ಹಾಕ್ಬೇಕು. ಹುಲ್ಲಿನ ಹೆಂಗಸರಿಗೆ ನೀನು ಹೇಳಿದ್ರೆ ಬರ್ತಾರೆ. ಎಲ್ಲರಿಗೂ ಕೂಲಿ ಕೊಡ್ತೀನಿ. ನಿನ್ನವರಿಗೇ ಒಳ್ಳೇದಾಗ್ಲಿ ಅಂತ ಹೇಳ್ತಿದೀನಿ.”

ಅದು ಸುಳ್ಳಲ್ಲ, ಅವನಿಗೆ ಹಾಗೇ ಅನಿಸಿತ್ತು. ಬೈದು ಹೇಳಿದ್ದರೆ ಎದುರು ಮಾತಾಡಬಹುದಿತ್ತು. “ಆಗ್ಲಿ ಸ್ವಾಮಿ,” ಎಂದಳು.

ಮುತ್ಯಾಲಮ್ಮ ಕೇಳಿ ಉಗಿದಳು. “ನಮ್ಮ ಬುಡಕ್ಕೆ ನಾವೇ ನೀರು ಬಿಡೋದೇನಮ್ಮಿ? ಆ ಮುಳ್ಳು ಕಿತ್ತಾಕಿದ ಮ್ಯಾಲೆ ನಾವೆಲ್ಲಿಗೆ ಹೋಗೋದು?”

“ಸಾಲಿನ ನಡುವೆ ಹುಲ್ಲು ಕೊಯ್ಯೋಕೆ ಬಿಡ್ತಾರಂತೆ ಅಕ್ಕ.”

“ಎಷ್ಟು ದಿನ?”

ಆದರೂ ಹೆಂಗಸರು ಬಂದರು, ಮುತ್ಯಾಲಮ್ಮನೂ ಬಂದಳು. ಪೊದೆಗಳನ್ನು ಬೇರುಸಹಿತ ಅಗೆದು ರಾಶಿ ಹಾಕಿ ಬೆಂಕಿ ಕೊಟ್ಟ ದಿನ ಹೊಗೆ ಬಸವನಗುಡಿಯವರೆಗೂ ಬಂತು. ಹಕ್ಕಿಗಳು ಹೊಗೆಯ ಮೇಲೆ ಸುತ್ತಿ ಸುತ್ತಿ ಎತ್ತಲೋ ಹೋದವು. ಆಮೇಲೆ ಹಗ್ಗ ಹಿಡಿದು ಸಾಲು ಎಳೆದರು, ಗುಂಡಿ ತೋಡಿದರು, ಕೂದಲೆಳೆಯಂಥ ಸಸಿಗಳನ್ನು ನೆಟ್ಟರು. ಹಳ್ಳದಲ್ಲಿ ಬಾವಿ ತೋಡಿ, ಹೆಂಗಸರು ಸೊಂಟಕ್ಕೊಂದು ತಲೆಗೊಂದು ಬಿಂದಿಗೆಯಿಟ್ಟು ದಿಬ್ಬ ಹತ್ತಿದರು.

ಆ ಎರಡು ವರ್ಷ ಕೆಟ್ಟದ್ದೇನೂ ಆಗಲಿಲ್ಲ ಎನ್ನಬೇಕು. ಸಸಿಗೆ ಹೊಯ್ದ ನೀರು ಹುಲ್ಲಿಗೂ ದಕ್ಕಿತು. ಸಾಲಿನ ನಡುವೆ ಹಿಂದೆಂದೂ ಇಲ್ಲದಷ್ಟು ಗರಿಕೆ ಬಂತು. ಕೂಲಿಯೂ ಇತ್ತು, ಹುಲ್ಲೂ ಇತ್ತು. ಮುತ್ಯಾಲಮ್ಮ ಕೂಡ ಒಂದು ದಿನ, “ನಿಮ್ಮಯ್ಯ ಒಳ್ಳೆಯೋನು ಕಣೆ,” ಎಂದಳು.

ಮೂರನೆಯ ವರ್ಷ ಮರಗಳು ಆಳೆತ್ತರ ಮೀರಿದವು, ನೀರು ಹೊರುವ ಕೆಲಸ ನಿಂತಿತು. ಐದನೆಯದಕ್ಕೆ ತಲೆಗೆ ತಲೆ ಕೂಡಿತು. ಮರದಿಂದ ಉದುರಿದ ಸೂಜಿಯೆಲೆಯ ಎಳೆಗಳು ಕಂದು ಚಾಪೆಯಂತೆ ನೆಲವನ್ನು ಮುಚ್ಚಿದವು. ಕಾಲಿಟ್ಟರೆ ಮೆತ್ತಗೆ, ಸದ್ದಿಲ್ಲ. ಅದರ ಕೆಳಗಿನಿಂದ ಒಂದು ಗರಿಕೆಯ ಮೊನೆಯೂ ಮೇಲೇಳಲಿಲ್ಲ. ಮೇಲೆ ಮಾತ್ರ ಗಾಳಿ ಹಗಲಿರುಳು ಸುಯ್ಯೆನ್ನುತ್ತಿತ್ತು. ಹಳ್ಳದ ಬಾವಿಯ ನೀರು ವರ್ಷ ವರ್ಷಕ್ಕೆ ಇಳಿಯಿತು. ಬೇರೆ ಬೋರೆಗೆ ಹೋಗೋಣವೆಂದರೆ, ಅಯ್ಯಂಗಾರ್ಯರ ತೋಪು ಬೆಳೆದದ್ದನ್ನು ಕಂಡ ಸುತ್ತಲಿನವರೂ ಸರ್ವೆ ಹಾಕಿದ್ದರು. ಮಳೆ ನಂಬಿ ರಾಗಿ ಬಿತ್ತುವ ಕಷ್ಟ ಯಾಕೆಂದು ಹಳ್ಳಿಯ ಕೆಲವರು ಹೊಲಕ್ಕೂ ನೆಟ್ಟರು. ಒಂದು ಬೇಲಿ ಮುಗಿದರೆ ಇನ್ನೊಂದು ಬೇಲಿ.

ತೋಪಿನ ಮೇಸ್ತ್ರಿ ನಂಜಪ್ಪನಿಗೆ ತಲೆನೋವಾಗಿದ್ದು ಹೆಂಗಸರು. ಉದುರಿದ ಎಳೆಯನ್ನು ತೋಪಿನವರು ಇಟ್ಟಿಗೆ ಗೂಡಿಗೆ ಮಾರುತ್ತಿದ್ದರು. ಹೆಂಗಸರು ಅದನ್ನೇ ಒಲೆಗೆ ಬಾಚಿಕೊಂಡು ಹೋಗುತ್ತಿದ್ದರು. ಹಳ್ಳದಂಚಿನಲ್ಲಿ ಮರ ನೆಡಲಾಗದ ಒಂದು ಪಟ್ಟಿ ನೆಲದಲ್ಲಿ ಹುಲ್ಲು ಉಳಿದಿತ್ತು. ಅದಕ್ಕಾಗಿ ಬೇಲಿ ನುಸುಳುತ್ತಿದ್ದರು. ಗಂಡಾಳು ಕಾವಲಿಟ್ಟರೆ ಜಗಳವಾಗುತ್ತದೆ, ಅವರವಳೇ ಒಬ್ಬಳಿದ್ದರೆ ವಾಸಿ ಎಂದು ವರದರಾಜ ಯೋಚಿಸಿದ. ಕಾವಲಿಗೆ ಮುನಿರತ್ನಮ್ಮನನ್ನು ಹಾಕಿದ.

ಆ ವರ್ಷದ ಬೇಸಗೆಯಲ್ಲಿ ಒಂದು ದಿನ ಹಳ್ಳದಂಚಿನಲ್ಲಿ ಕುಡುಗೋಲಿನ ಸದ್ದು ಕೇಳಿ ಅವಳು ಹೋದಳು. ಮುತ್ಯಾಲಮ್ಮ ಕುಕ್ಕರಗಾಲಲ್ಲಿ ಕೂತು ಕೊಯ್ಯುತ್ತಿದ್ದಳು. ತಲೆ ನರೆತಿತ್ತು.

“ಮುತ್ಯಾಲಕ್ಕ, ಆಚೆ ಬಾ. ನಂಜಪ್ಪ ಬತ್ತವ್ನೆ.”

“ಬರ್ಲಿ. ಕುಡುಗೋಲು ಹಿಡಿಯೋಕೆ ಕಲಿಸಿದೋಳ್ನ ನೀನು ಆಚೆ ಕಳಿಸ್ತೀಯಾ?”

“ನಾನಲ್ಲಕ್ಕ…”

“ಮತ್ಯಾರು? ಇಲ್ಲಿ ಇನ್ನ್ಯಾರವ್ರೆ?”

ಅಷ್ಟರಲ್ಲಿ ನಂಜಪ್ಪ ಬಂದೇಬಿಟ್ಟ. ಅವನು ಮುತ್ಯಾಲಮ್ಮನನ್ನು ಮುಟ್ಟಲಿಲ್ಲ. ಮುನಿರತ್ನಮ್ಮನ ಕಡೆ ತಿರುಗಿ, “ನೋಡ್ತಾ ನಿಂತಿದೀಯಲ್ಲ, ಕಿತ್ಕೋ ಅದನ್ನ,” ಎಂದ. ಅವಳು ನಿಂತೇ ಇದ್ದಳು. ಕೊನೆಗೆ ಮುತ್ಯಾಲಮ್ಮನೇ ಎದ್ದು ಬಂದು ಕುಡುಗೋಲನ್ನು ಅವಳ ಕೈಯಲ್ಲಿಟ್ಟಳು, ಕೊಯ್ದ ಹುಲ್ಲನ್ನು ಅವಳ ಕಾಲ ಬಳಿ ಹಾಕಿದಳು, ಬೇಲಿ ದಾಟಿ ಹೋದಳು. ಹಿಂದಕ್ಕೆ ನೋಡಲಿಲ್ಲ.

ಮುನಿರತ್ನಮ್ಮ ಮನೆಗೆ ಬಂದು ವರದರಾಜನಿಗೆ ಎಲ್ಲ ಹೇಳಿದಳು. ಕಾವಲು ಬೇಡವೆಂದು ಹೇಳಬೇಕೆಂದಿದ್ದಳು. ಅವನು ಸಮಾಧಾನದಿಂದ ಕೇಳಿ, “ನಂಜಪ್ಪನಿಗೆ ನಾನು ಹೇಳ್ತೀನಿ, ನಿನ್ನ ಮೇಲೆ ಕೂಗಾಡ್ಬಾರದು ಅಂತ. ನೀನು ನಮ್ಮನೆಯವಳು,” ಎಂದುಬಿಟ್ಟ. ಒಳಗಿನಿಂದ ಗೋದಾ ಹೊಸ ಸೀರೆಯೊಂದನ್ನು ತಂದುಕೊಟ್ಟಳು. ಅವಳು ಸೀರೆಯನ್ನು ಮಡಿಲಿಗೆ ಹಾಕಿಕೊಂಡು ಹಿತ್ತಲಿಗೆ ನಡೆದಳು.

ಮರುದಿನ ಕುಡುಗೋಲು ವಾಪಸು ಕೊಡಲು ಹೋದಾಗ ಮುತ್ಯಾಲಮ್ಮ ಅಂಗಳದಲ್ಲಿ ಸೊಪ್ಪಿನ ಕಟ್ಟು ಕಟ್ಟುತ್ತಿದ್ದಳು. ಸಿಟ್ಟು ಇಳಿದಿತ್ತು.

“ಇಟ್ಟು ಹೋಗು ಅಲ್ಲಿ. ಇನ್ನು ಅದಕ್ಕೇನು ಕೆಲಸ? ನಾನು ಕಲಾಸಿಪಾಳ್ಯದಾಗೆ ಸೊಪ್ಪು ಮಾರ್ತೀನಿ. ನೀನೂ ಬಂದ್ಬಿಡು, ಪಕ್ಕದಾಗೆ ಒಂದು ಬುಟ್ಟಿಗೆ ಜಾಗ ಐತೆ. ಆ ಮನೆಯೋರು ನಿನ್ನ ಕಟ್ಟಿ ಹಾಕವ್ರಾ?”

“ಕಟ್ಟಿ ಹಾಕಿದ್ರೆ ಬಿಚ್ಕೊಂಡು ಬರ್ತಿದ್ದೆ ಅಕ್ಕ,” ಎಂದಳು ಮುನಿರತ್ನಮ್ಮ.

ರಂಗನಾಯಕಮ್ಮನ ಕಣ್ಣು ಹೋಗಿದ್ದು ಆ ವರ್ಷವೇ. ಮೊದಲು ಮಂಜು, ಆಮೇಲೆ ಕತ್ತಲೆ. ಹಸಿ ಹುಲ್ಲು ಸಿಕ್ಕದೆ ಹಸುಗಳನ್ನು ಮಾರಿ ಆಗಿತ್ತು, ಅವರಿಗೆ ಮಾತ್ರ ಹಸುಗಳಿಗೆ ವಯಸ್ಸಾಯಿತು ಎಂದಿದ್ದರು; ಆದರೂ ಅವರು ಗೋಡೆ ಹಿಡಿದುಕೊಂಡು ಬಂದು ಬರಿದಾದ ಕೊಟ್ಟಿಗೆಯ ಕಟ್ಟೆಯ ಮೇಲೆ ಕೂರುತ್ತಿದ್ದರು. ಮುನಿರತ್ನಮ್ಮ ತೋಪಿನಿಂದ ಬಂದ ಹೆಜ್ಜೆಯ ಸದ್ದಿಗೇ ಮುಖ ಎತ್ತುತ್ತಿದ್ದರು.

“ಇವತ್ತು ಏನು ನೋಡ್ದೆ, ಹೇಳೇ.”

ಸಾಲು ಸಾಲು ಕಂಬ ನೋಡಿದೆ ಎಂದು ಹೇಗೆ ಹೇಳುವುದು? ನಿಮ್ಮ ಮಗ ನೆಟ್ಟ ಮರಗಳ ಕೆಳಗೆ ಇರುವೆಯೂ ಇಲ್ಲ ಎನ್ನುವುದು ಹೇಗೆ? ಹೊಸಿಲು ದಾಟದ ಮುದುಕಿ ತಿಳಿದುಕೊಂಡಿದ್ದು, ಬೋರೆಯ ಒಂದು ಮೂಲೆಯಲ್ಲಿ ಮಗನ ತೋಪು, ಮಿಕ್ಕಿದ್ದೆಲ್ಲ ಮೊದಲಿನಂತೆ ಎಂದು. ಒಂದು ಸಂಜೆ ಮುನಿರತ್ನಮ್ಮ ತಡೆಯಲಾರದೆ, “ಮೊಲ ನೋಡ್ದೆ ಅಮ್ಮಾವ್ರೇ, ಎಲಚಿ ಗಿಡದ ಬುಡದಾಗೆ,” ಎಂದಳು. ಮುದುಕಿಯ ಮುಖ ಅರಳಿತು. ಅಂದು ಆಡಿದ ಸುಳ್ಳಿಗೆ ಮರುದಿನ ಇನ್ನೊಂದು ಸೇರಿಸಬೇಕಾಯಿತು. ತಂಗಡಿ ಹೂ ಬಿಟ್ಟಿದೆ ಎಂದಳು, ನವಿಲು ಮೊಟ್ಟೆಯಿಟ್ಟಿದೆ ಎಂದಳು. ಮಳೆ ಬಂದರೆ ಹುಲ್ಲು ಎಷ್ಟೆತ್ತರ ಬಂದಿರಬೇಕೆಂದು ನೆನೆಸಿಕೊಂಡು ಹೇಳಿದಳು. ಹಗಲೆಲ್ಲ ಆ ಕಂದು ನೆರಳಿನಲ್ಲಿ ಕೂತು ಸಂಜೆಗೆ ಏನು ಹೇಳಲೆಂದು ಹುಡುಕುವುದು ಅವಳ ಪಾಡಾಯಿತು.

ಹೀಗೆ ನಡೆದಿರುವಾಗ, ಗೋದಾ ತವರಿಗೆ ಹೋಗಿದ್ದ ಒಂದು ದಿನ, ವರದರಾಜ ಕಛೇರಿಗೆ ಹೊರಟ ಮೇಲೆ ರಂಗನಾಯಕಮ್ಮ, “ಒಂದು ಜಟಕಾ ಕರ್ಕೊಂಡು ಬಾ. ನನ್ನನ್ನ ಒಂದ್ಸಲ ಬೋರೆಗೆ ಕರ್ಕೊಂಡು ಹೋಗು,” ಎಂದರು.

“ದಾರಿ ಸರಿಯಿಲ್ಲ ಅಮ್ಮಾವ್ರೇ.”

“ನಾನು ಎಲ್ಲಿಗೆ ಹೋಗಿದೀನಿ ಹೇಳು ಈ ಜನ್ಮದಲ್ಲಿ? ಒಂದ್ಸಲ ರಾಮೇಶ್ವರ. ಅಷ್ಟೇ. ನೋಡೋಕೆ ಕಣ್ಣಿಲ್ಲ, ಗಾಳಿಯಾದ್ರೂ ಕುಡಿದು ಬರ್ತೀನಿ.”

ಅವಳು ಬೀದಿಯ ಕೊನೆಗೆ ಹೋದಳು. ಖಾದರ್ ಸಾಬಿಯ ಜಟಕಾ ಬಂತು. ಬೋರೆಯ ಅಂಚಿನಲ್ಲಿ ಇಳಿದಾಗ ಮುದುಕಿ ಅವಳ ಭುಜ ಹಿಡಿದು ನಾಲ್ಕು ಹೆಜ್ಜೆ ನಡೆದು ನಿಂತರು.

“ಇದೇನೇ ಸದ್ದು? ಸಮುದ್ರದ ಹಾಗೆ?”

“ಗಾಳಿ.”

“ಪೊದೆಯಲ್ಲಿ ಗಾಳಿ ಹೀಗೆ ಕೂಗತ್ತಾ?”

ಮುದುಕಿ ಬಗ್ಗಿ ನೆಲ ಮುಟ್ಟಿದರು. ಒಣ ಎಳೆಗಳು ಬೆರಳಿಗೆ ಸಿಕ್ಕವು. ಹಿಡಿದು ಹೊಸಕಿ ಮೂಸಿದರು. ಇನ್ನೊಂದು ಹೆಜ್ಜೆ ಮುಂದಿಟ್ಟು ಮತ್ತೆ ಮುಟ್ಟಿದರು, ಮತ್ತೆ ಅದೇ. ಕೈ ಚಾಚಿದಾಗ ನುಣುಪಾದ ಒಂದು ಕಾಂಡ, ಪಕ್ಕದಲ್ಲಿ ಅಂಥದೇ ಇನ್ನೊಂದು.

“ಕಾರೆ ಗಿಡ ಎಲ್ಲಿ?”

“ಇಲ್ಲ ಅಮ್ಮಾವ್ರೇ.” ಮುನಿರತ್ನಮ್ಮನ ದನಿ ಒಡೆಯಿತು. “ಏನೂ ಇಲ್ಲ. ತೋಪು ಹಾಕಿದಾಗಲೇ ಹೋಯ್ತು. ನಾನು ಹೇಳಿದ್ದೆಲ್ಲ ಸುಳ್ಳು.”

ರಂಗನಾಯಕಮ್ಮ ಆ ಕಾಂಡವನ್ನು ಮತ್ತೆ ಮೇಲಿಂದ ಕೆಳಗೆ ಸವರಿದರು. ಬೈಯುತ್ತಾರೆಂದು ಮುನಿರತ್ನಮ್ಮ ಕಾದಳು. ಬೈದಿದ್ದರೆ ಅಂದೇ ಗಂಟು ಕಟ್ಟಿಕೊಂಡು ಕಲಾಸಿಪಾಳ್ಯಕ್ಕೆ ಹೊರಡುತ್ತಿದ್ದಳೋ ಏನೋ. ಅವರು ಬೈಯಲಿಲ್ಲ.

“ನಾನು ಇಲ್ಲಿಗೆ ಬಂದಿದ್ದು ವರದನಿಗೆ ಗೊತ್ತಾಗೋದು ಬೇಡ. ಅಮ್ಮನಿಗೆ ಬೇಜಾರಾಯ್ತು ಅಂತ ನೊಂದ್ಕೋತಾನೆ. ನನ್ನ ಔಷಧಿ, ಮನೆ ಖರ್ಚು, ಎಲ್ಲಾ ಇದರಿಂದಲೇ ಅಂತಿದ್ದ.” ಆಮೇಲೆ ಅವಳ ಮೊಣಕೈಯನ್ನು ಬಿಗಿಯಾಗಿ ಹಿಡಿದರು. “ನೀನೂ ಎಲ್ಲಿಗೂ ಹೋಗ್ಬೇಡ. ನಾನಿರೋವರೆಗೆ. ಅದೆಲ್ಲ ಹೇಗಿತ್ತು ಅಂತ ಹೇಳೋಕೆ ನನಗೆ ಇನ್ಯಾರಿದಾರೆ?”

ಮುನಿರತ್ನಮ್ಮ ಹೂಂ ಎಂದಳು. ಕೈ ಹಿಡಿದು ಅವರನ್ನು ಜಟಕಾಗೆ ಹತ್ತಿಸಿದಳು.

ಜರ್ಮನಿಯ ಮೇಲಿನ ಯುದ್ಧದ ಕೊನೆಯ ವರ್ಷ, ಸೌದೆಗೆ ಬೇಡಿಕೆ ಏರಿದಾಗ ತೋಪನ್ನು ಕಡಿದರು. ಗಾಡಿಗಳು ತಿಂಗಳುಗಟ್ಟಲೆ ಚಾಮರಾಜಪೇಟೆಯ ಡಿಪೋಗೆ ಹೊತ್ತವು. ಬೋರೆಯ ಮೇಲೆ ಮತ್ತೆ ಬಿಸಿಲು ಬಿದ್ದಿತು. ಅವಳು ದಿನವೂ ಹೋಗಿ ಮೋಟುಗಳ ನಡುವೆ ನೆಲ ನೋಡುತ್ತಿದ್ದಳು. ಮುಂಗಾರಿಗೆ ಏನೂ ಬರಲಿಲ್ಲ. ಹಿಂಗಾರಿನ ಎರಡು ಮಳೆಗೆ ಹಳ್ಳದ ಕಡೆಯಿಂದ ಗರಿಕೆ ಮೆಲ್ಲಗೆ ತೆವಳಿ ಬಂತು. ಒಂದು ಮೋಟಿನ ಪಕ್ಕ ಎರಡೆಲೆಯ ತಂಗಡಿಯೂ ಎದ್ದಿತ್ತು. ಇದನ್ನು ಮುತ್ಯಾಲಮ್ಮನಿಗೆ ಹೇಳಬೇಕೆಂದು ಕಲಾಸಿಪಾಳ್ಯಕ್ಕೆ ಓಡಿದಳು. ಸೊಪ್ಪಿನ ಸಾಲಿನಲ್ಲಿ ಮುತ್ಯಾಲಮ್ಮನ ಜಾಗ ಬರಿದಾಗಿತ್ತು. ಆ ವರ್ಷದ ಇನ್‌ಫ್ಲುಯೆಂಜಾ ಜ್ವರ ಊರಿಗೆ ಊರನ್ನೇ ಮಲಗಿಸಿತ್ತು. “ಮೊನ್ನೆ ಸೋಮವಾರ,” ಎಂದಳು ಪಕ್ಕದ ಬುಟ್ಟಿಯವಳು. ಮುನಿರತ್ನಮ್ಮ ಸ್ವಲ್ಪ ಹೊತ್ತು ಆ ಖಾಲಿ ಜಾಗದಲ್ಲಿ ಕೂತಿದ್ದು ಎದ್ದು ಬಂದಳು. ಅದೇ ಜ್ವರ ರಂಗನಾಯಕಮ್ಮನಿಗೂ ಬಂತು. ಹಗಲು ರಾತ್ರಿ ಕಾದು ಅವರನ್ನು ಉಳಿಸಿಕೊಂಡವಳು ಅವಳೇ.

ಮರುವರ್ಷ ಮಳೆಗೆ ಮುಂಚೆ ಸಸಿಯ ಬುಟ್ಟಿಗಳು ಬಂದವು. ವರದರಾಜನ ಮೀಸೆ ಬೆಳ್ಳಗಾಗಿತ್ತು, ಮಾತು ಮಾತ್ರ ಅಷ್ಟೇ ಮೃದು. “ಹೆಂಗಸರನ್ನ ಕರ್ಕೊಂಡು ಬಾ ಮುನಿರತ್ನ. ನಿನಗೆ ಎಲ್ಲಾ ಗೊತ್ತಿದೆಯಲ್ಲ.” ಹಳೆಯವರು ಯಾರೂ ಉಳಿದಿರಲಿಲ್ಲ, ಹೊಸಬರನ್ನು ಕರೆತಂದಳು. ಹಿಂದಿನ ಹಿಂಗಾರಿಗೆ ಎದ್ದಿದ್ದ ಗರಿಕೆ, ತಂಗಡಿಯನ್ನು ಗುದ್ದಲಿಯವರು ಮೋಟಿನ ಜೊತೆಗೇ ಕಿತ್ತು ಹಾಕಿದ್ದರು. ಬಾವಿಯ ಬಳಿ ಸಾಲು ನಿಂತಾಗ ಹೊಸಬಳೊಬ್ಬಳು ದಿಬ್ಬ ನೋಡಿ ಕೇಳಿದಳು.

“ಅವ್ವಾ, ತೋಪು ಹಾಕೋಕೆ ಮೊದಲು ಇಲ್ಲೇನಿತ್ತು?”

“ಹುಲ್ಲಿತ್ತು.”

“ಬರೀ ಹುಲ್ಲಾ?” ಹುಡುಗಿ ನಕ್ಕಳು.

ಹೇಳಲು ಹೊರಟರೆ ದಿನವಿಡೀ ಹೇಳಬೇಕಾಗುತ್ತಿತ್ತು. ಸಾಲಿನಲ್ಲಿ ಹಿಂದಿದ್ದವರು ಕಾಯುತ್ತಿದ್ದರು. ಮುನಿರತ್ನಮ್ಮ ಬಿಂದಿಗೆ ಎತ್ತಿ ತಲೆಗಿಟ್ಟುಕೊಂಡಳು.

ರಂಗನಾಯಕಮ್ಮ ತೀರಿಕೊಂಡದ್ದು ಇದಾಗಿ ಎರಡು ವರ್ಷಕ್ಕೆ. ಕೊಟ್ಟ ಮಾತು ಅಲ್ಲಿಗೆ ಮುಗಿಯಿತು, ಇನ್ನು ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು. ಹದಿಮೂರನೆಯ ದಿನದ ಕರ್ಮ ಮುಗಿದ ಮರುದಿನ ಅವಳು ಕೋಣೆಯ ಹೊಸಿಲ ಮೇಲೆ ಕೂತು ಬಹಳ ಹೊತ್ತು ಯೋಚಿಸಿದಳು, ಯಾವ ಮನೆ, ಯಾವ ಊರು, ಯಾರು ಎಂದು. ಗೋದಾ ಹಿತ್ತಲಿಗೆ ಬಂದು, “ಊಟ ಮಾಡು ಬಾರೇ, ಹೊತ್ತಾಯ್ತು,” ಎಂದು ಕರೆದಳು. ಎದ್ದು ಹೋದಳು.

ಅವಳು ಆ ಕೋಣೆಯಲ್ಲೇ ಉಳಿದಳು, ತೋಪಿಗೆ ಕಾವಲೂ ಹೋದಳು. ಮನೆಯವರು ಕೊನೆಯವರೆಗೂ ಅವಳನ್ನು ಚೆನ್ನಾಗಿಯೇ ನೋಡಿಕೊಂಡರು. ಎರಡನೆಯ ನಾಟಿಯ ಮರಗಳು ತಲೆಗೂಡಿ ನೆಲ ಕಂದಾದ ವರ್ಷ ಅವಳ ಜೀವ ಹೋಯಿತು. ಆ ವೇಳೆಗೆ ಕಾರೆಬೋರೆ ಎಂಬ ಹೆಸರೂ ಹೋಗಿತ್ತು. ಜನ ಅದನ್ನು ಅಯ್ಯಂಗಾರ್ಯರ ತೋಪು ಎನ್ನುತ್ತಿದ್ದರು.